ನಾಗರಹಾವೋ, ಕೇರೆಹಾವೋ?

‘ಕಾದಂಬರಿ ಓದಿದ್ದರೆ ಸಿನಿಮಾ ನೋಡಬೇಡಿ’ – ಚಿತ್ರಮಂದಿರದಿಂದ ಹೊರಬರುವ ಓದುಗ ಮಹಾಶಯರ ಮಾಮೂಲಿ ಉಪದೇಶವಿದು. ಈ ಮಾತು ಬಂದಾಗಲೆಲ್ಲ ತಪ್ಪದೆ ಹೆಡೆಯೆತ್ತುವುದು ‘ನಾಗರಹಾವು’.

ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ ಚಿತ್ರಕ್ಕೆ ಇಳಿಸಿದರು. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರೆಂದು ತ.ರಾ.ಸು. ಸಿಡುಕಿದರೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಜನ ಮಾತ್ರ ಆ ಹಾವಿಗೇ ಹಾಲೆರೆದರು! ರಾಮಾಚಾರಿಯಾಗಿ ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರಾಗಿ ಅಶ್ವತ್ಥ್ ಮನೆಮಾತಾದರು. ಈಗ ಕಾದಂಬರಿ ಬಿಡಿಸಿದರೂ ಪುಟಗಳ ನಡುವಿನಿಂದ ಇಣುಕುವುದು ಅವರದೇ ಮುಖ. ಲೇಖಕನ ಸಂಕಟವಿರುವುದು ಇಲ್ಲಿಯೇ. ಸಿನಿಮಾ ಸೋತರೆ ಪುಸ್ತಕಕ್ಕೆ ನಷ್ಟವೇನಿಲ್ಲ. ಗೆದ್ದರೆ ಪಾತ್ರಗಳೇ ಅವನ ಕೈತಪ್ಪಿ ಹೋಗುತ್ತವೆ.

ಹಾಗಾದರೆ ಸಿನಿಮಾ ಮೂಲಕೃತಿಯನ್ನು ಮೀರಿಸುವುದೇ ಇಲ್ಲವೆ? ಮೂಲದಲ್ಲಿ ಬೆಳೆಯಲು ಜಾಗವಿದ್ದರೆ ಖಂಡಿತ ಮೀರಿಸಬಲ್ಲದು. ದೊಡ್ಡ ಕಾದಂಬರಿಯನ್ನು ಎರಡು–ಮೂರು ಗಂಟೆಗೆ ಹೊಂದಿಸಲು ಕತ್ತರಿ ಆಡಿಸಲೇಬೇಕು. ಸಣ್ಣಕಥೆಯದು ಹಾಗಲ್ಲ, ಅಲ್ಲಿ ನಿರ್ದೇಶಕನಿಗೆ ಕತ್ತರಿಸುವ ಕೆಲಸವಿಲ್ಲ, ಬೆಳೆಸುವ ಕೆಲಸ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಸಿದ್ದಲಿಂಗಯ್ಯ 1974ರಲ್ಲಿ ‘ಭೂತಯ್ಯನ ಮಗ ಅಯ್ಯು’ ಚಿತ್ರವಾಗಿಸಿದಾಗ, ಅಯ್ಯು–ಗುಳ್ಳನ ಹಗೆ ಒಂದಿಡೀ ಹಳ್ಳಿಯ ಬದುಕಾಗಿ ಹಬ್ಬಿತು. ಹಗೆಯೆಲ್ಲ ಪ್ರವಾಹದ ನೀರಿನಲ್ಲಿ ತೊಳೆದುಹೋಗುವ ಕೊನೆಯ ದೃಶ್ಯಗಳನ್ನು ಕಂಡವರು ಮರೆಯಲಾರರು.

ಯು.ಆರ್. ಅನಂತಮೂರ್ತಿಯವರ ಕಥೆ ಆಧರಿಸಿ ಗಿರೀಶ್ ಕಾಸರವಳ್ಳಿ 1977ರಲ್ಲಿ ತೆಗೆದ ‘ಘಟಶ್ರಾದ್ಧ’ದ ದಾರಿಯೇ ಬೇರೆ. ಅಲ್ಲಿ ಪ್ರವಾಹವಿಲ್ಲ, ಹೊಡೆದಾಟವಿಲ್ಲ. ತಲೆ ಬೋಳಿಸಿ ಊರು ಹೊರಗಿಟ್ಟ ಯಮುನಾ, ಅವಳನ್ನು ಬಿಟ್ಟು ದೂರವಾಗುವ ಪುಟ್ಟ ಹುಡುಗ ನಾಣಿ – ಈ ನೋಟಕ್ಕೆ ಯಾವ ವಿವರಣೆಯೂ ಬೇಡ. ಸ್ವರ್ಣಕಮಲ ಗೆದ್ದ ಈ ಚಿತ್ರದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ತೆರೆಯನ್ನೂ ಕಂಡಿತು. ಮಲೆನಾಡಿನ ಅಗ್ರಹಾರವನ್ನು ಕಾಣದವರಿಗೂ ಯಮುನಾಳ ನೋವು ಅರ್ಥವಾಗುವುದು ಕ್ಯಾಮೆರಾದ ಭಾಷೆಯಲ್ಲಿ.

ಇಷ್ಟಾದರೂ ಕ್ಯಾಮೆರಾಕ್ಕೆ ಒಂದು ಮಿತಿಯಿದೆ. ಅದು ಎಲ್ಲರಿಗೂ ಒಂದೇ ಮುಖ ತೋರಿಸುತ್ತದೆ. ಪುಸ್ತಕ ಓದುಗನಿಗೊಂದು ಮುಖ ಕೊಡುತ್ತದೆ. ಆದ್ದರಿಂದ ಓದುಗ ಮಹಾಶಯರ ಉಪದೇಶವನ್ನು ಕೊಂಚ ತಿದ್ದಿಕೊಳ್ಳೋಣ: ಸಿನಿಮಾ ಧಾರಾಳವಾಗಿ ನೋಡಿ, ಆದರೆ ಪುಸ್ತಕ ಓದಿದ ಮೇಲೆ. ಇಲ್ಲದಿದ್ದರೆ ನಿಮ್ಮದೇ ರಾಮಾಚಾರಿ ಹುಟ್ಟುವ ಮೊದಲೇ ವಿಷ್ಣುವರ್ಧನ್ ಬಂದು ಕುಳಿತಿರುತ್ತಾರೆ!