ಯಂತ್ರ ತಂದರೆ ಗಳಿಕೆ ಹೆಚ್ಚುವುದೇ?

ಅಂಗಡಿಗೆ ಗಣಕಯಂತ್ರ ತರೋಣವೆಂದು ಮಗ, ಲೆಕ್ಕದ ಪುಸ್ತಕ ಚೆನ್ನಾಗಿಯೇ ಇದೆಯಲ್ಲವೆಂದು ತಂದೆ. ವ್ಯಾಪಾರ ಮಾಡಿಕೊಂಡಿರುವ ನಮ್ಮ ಅನೇಕ ಮನೆತನಗಳಲ್ಲಿ ಈ ವಾದ ನಡೆದೇ ಇದೆ. ಕೊನೆಗೆ ಯಂತ್ರ ಬರುತ್ತದೆ. ಅದರ ಹಿಂದೆ ಸಾಲದ ಕಂತೂ ಬರುತ್ತದೆ. ವರ್ಷ ಕಳೆದರೂ ಗಳಿಕೆ ಇದ್ದಲ್ಲಿಯೇ ಇದ್ದರೆ ತಂದೆಯ ಮಾತೇ ಸರಿಯಾಗಿತ್ತೆಂದು ತೋರುವುದು ಸಹಜ. ಇದೇ ಸಂದೇಹ ಜಗತ್ತಿನ ಅತಿ ಸಿರಿವಂತ ರಾಷ್ಟ್ರವನ್ನೂ ಕಾಡಿತ್ತೆಂಬುದನ್ನು ಓದುಗ ಬಂಧುಗಳ ಗಮನಕ್ಕೆ ತರಬಯಸುತ್ತೇವೆ.

ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ ಅವರು 1957ರಲ್ಲಿ ಒಂದು ಲೆಕ್ಕ ಹಾಕಿದರು. 1909ರಿಂದ 1949ರವರೆಗಿನ ಅವಧಿಯಲ್ಲಿ ಆ ದೇಶದ ದುಡಿಮೆಗಾರನ ಒಂದು ಗಂಟೆಯ ಉತ್ಪಾದನೆ ಇಮ್ಮಡಿಯಾಗಿತ್ತು. ಈ ಏರಿಕೆಯಲ್ಲಿ ಹೆಚ್ಚುವರಿ ಬಂಡವಾಳದ ಪಾಲು ಎಂಟರಲ್ಲಿ ಒಂದಂಶ ಮಾತ್ರ. ಉಳಿದ ಏಳಂಶವು ಜ್ಞಾನ, ಕೌಶಲ, ಕಾರ್ಯವಿಧಾನಗಳ ಸುಧಾರಣೆಯಿಂದ ಬಂದುದೆಂದು ಅವರು ತೋರಿಸಿದರು. 1987ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಸಂದಿತು. ಎಲ್ಲೆಲ್ಲೂ ಗಣಕಯಂತ್ರಗಳು ಬಂದಿದ್ದರೂ ಉತ್ಪಾದಕತೆಯ ಲೆಕ್ಕದಲ್ಲಿ ಅವುಗಳ ಫಲ ತೋರುತ್ತಿಲ್ಲವೆಂದು ಅವರೇ ಚುಚ್ಚಿ ನುಡಿದದ್ದೂ ಅದೇ ವರ್ಷ.

ಇದಕ್ಕೆ ಉತ್ತರವನ್ನು ಪಾಲ್ ಡೇವಿಡ್ ಎಂಬ ಇತಿಹಾಸಜ್ಞ ಅರ್ಥಶಾಸ್ತ್ರಿ 1990ರಲ್ಲಿ ವಿದ್ಯುಚ್ಛಕ್ತಿಯ ಚರಿತ್ರೆಯಿಂದ ಹೆಕ್ಕಿ ಕೊಟ್ಟರು. ಎಡಿಸನ್ ನ್ಯೂಯಾರ್ಕಿನಲ್ಲಿ ವಿದ್ಯುತ್ ಕೇಂದ್ರ ತೆರೆದದ್ದು 1882ರಲ್ಲಿ. 1900ರ ಹೊತ್ತಿಗೂ ಅಮೆರಿಕದ ಕಾರ್ಖಾನೆಗಳ ಚಾಲಕಶಕ್ತಿಯಲ್ಲಿ ವಿದ್ಯುತ್ ಮೋಟಾರುಗಳ ಪಾಲು ಶೇ. 5ನ್ನೂ ಮುಟ್ಟಿರಲಿಲ್ಲ. ಅಂದಿನ ಕಾರ್ಖಾನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂಲೆಯಲ್ಲೊಂದು ದೊಡ್ಡ ಉಗಿಯಂತ್ರ. ಅದರಿಂದ ಸೂರಿನಡಿ ಉದ್ದಕ್ಕೂ ತಿರುಗುವ ಕಬ್ಬಿಣದ ದಂಡ. ದಂಡದಿಂದ ಪ್ರತಿ ಯಂತ್ರಕ್ಕೂ ಇಳಿಬಿದ್ದ ಚರ್ಮದ ಪಟ್ಟಿಗಳು. ಒಂದೇ ಯಂತ್ರದ ಕೆಲಸವಿದ್ದರೂ ಇಡೀ ದಂಡ ತಿರುಗಬೇಕು. ಕೆಲಸದ ಕ್ರಮ ಹೇಗೇ ಇರಲಿ, ಯಂತ್ರ ಮಾತ್ರ ದಂಡವಿರುವಲ್ಲೇ ನಿಲ್ಲಬೇಕು. ಮೊದಮೊದಲು ಮಾಲೀಕರು ಮಾಡಿದ್ದಿಷ್ಟೇ: ಉಗಿಯಂತ್ರ ಕಿತ್ತು ಅದೇ ಜಾಗದಲ್ಲಿ ದೊಡ್ಡದೊಂದು ಮೋಟಾರು ಕೂರಿಸಿದರು. ದಂಡ, ಪಟ್ಟಿ, ಕಟ್ಟಡ ಎಲ್ಲವೂ ಹಳೆಯವೇ. ಹಣ ಹೋಯಿತು, ಲಾಭ ಅಲ್ಪ. ಪ್ರತಿ ಯಂತ್ರಕ್ಕೂ ತನ್ನದೇ ಪುಟ್ಟ ಮೋಟಾರು ಬಂದು, ಸರಕು ಸಾಗುವ ಕ್ರಮದಲ್ಲೇ ಯಂತ್ರಗಳನ್ನು ಜೋಡಿಸಿ, ಒಂದೇ ಅಂತಸ್ತಿನ ವಿಶಾಲ ಕಟ್ಟಡಗಳನ್ನು ಕಟ್ಟಿದ ಮೇಲೆ, ಅಂದರೆ 1920ರ ದಶಕದಲ್ಲಿ, ಉತ್ಪಾದಕತೆ ಜಿಗಿಯಿತು. ನಾಲ್ಕು ದಶಕಗಳ ಕಾಯುವಿಕೆ! ನಮ್ಮ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದಾಗ ಅಮೆರಿಕದಲ್ಲಿ ಈ ಕಾಯುವಿಕೆ ಇನ್ನೂ ನಡೆದಿತ್ತೆಂಬುದು ಕುತೂಹಲದ ಸಂಗತಿ.

ಗಣಕಯಂತ್ರದ ವಿಷಯದಲ್ಲೂ ಡೇವಿಡ್ ಅವರ ನಿರೀಕ್ಷೆ ಬಹುಮಟ್ಟಿಗೆ ನಿಜವಾಯಿತು. ವರ್ಷಕ್ಕೆ ಸುಮಾರು ಶೇ. 1.5ರಂತೆ ತೆವಳುತ್ತಿದ್ದ ಅಮೆರಿಕದ ಉತ್ಪಾದಕತೆಯ ಏರಿಕೆ 1995ರಿಂದ 2004ರವರೆಗೆ ಸುಮಾರು ಶೇ. 3ಕ್ಕೆ ಮುಟ್ಟಿತು. ಅನಂತರ ಮತ್ತೆ ಕುಗ್ಗಿತೆಂಬುದನ್ನೂ ಮುಚ್ಚಿಡಲಾಗದು.

ನಮ್ಮ ನಾಡಿನಲ್ಲಿಯೇ ಇದಕ್ಕೊಂದು ನಿದರ್ಶನವುಂಟು. ಪಹಣಿ ಪತ್ರಕ್ಕಾಗಿ ಗ್ರಾಮಲೆಕ್ಕಿಗರ ಬರವು ಕಾಯುತ್ತಿದ್ದ ದಿನಗಳನ್ನು ನಮ್ಮ ರೈತ ಕುಟುಂಬಗಳು ಮರೆತಿರಲಾರವು. ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಮುದ್ರಿತ ಪ್ರತಿ ಕೈಗೆ ಸಿಗುತ್ತಿತ್ತು. ಯಂತ್ರ ಕೂರಿಸಿದ್ದೊಂದೇ ಇದಕ್ಕೆ ಕಾರಣವಲ್ಲ. ಕೈಬರಹದ ಪಹಣಿಗೆ ಮಾನ್ಯತೆಯೇ ಇಲ್ಲವೆಂದು ಸಾರಲಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ಕಟ್ಟು ಹಾಕಲಾಯಿತು. ಹಳೆಯ ದಂಡವನ್ನೂ ಪಟ್ಟಿಯನ್ನೂ ಕಳಚಿದ್ದರೆಂದೇ ಹೇಳಬೇಕು. ಅಂಗಡಿಯಲ್ಲಿ ಗಣಕಯಂತ್ರವನ್ನಿಟ್ಟೂ ಹಳೆಯ ಖಾತೆಪುಸ್ತಕದಲ್ಲೇ ಎರಡನೆಯ ಲೆಕ್ಕ ಬರೆಯುವವರು ಇದನ್ನು ಯೋಚಿಸಬೇಕು.

ಇನ್ನು ಸಂಶೋಧನೆಯ ಮಾತು. ಇಲ್ಲಿ ಫಲ ಇನ್ನೂ ತಡ, ಆದರೆ ಹರವು ದೊಡ್ಡದು. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿಯವರು ಎರಡು ಭಿನ್ನ ಜಾತಿಯ ಹತ್ತಿಗಳನ್ನು ಸಂಕರಿಸಿ ರೂಪಿಸಿದ 'ವರಲಕ್ಷ್ಮಿ' ತಳಿ 1972ರಲ್ಲಿ ರೈತರ ಕೈಸೇರಿತು. ಉದ್ದನೆಯ ಎಳೆಯ ಹತ್ತಿ ನಮ್ಮ ಹೊಲಗಳಲ್ಲೇ ಬೆಳೆಯತೊಡಗಿತು. ಸಂಶೋಧನೆಗೆ ವೆಚ್ಚ ಮಾಡಿದ್ದು ಒಂದು ಕೇಂದ್ರ. ಲಾಭ ಪಡೆದವರು ಬೀಜೋತ್ಪಾದಕರು, ರೈತರು, ಗಿರಣಿಯವರು. ಲಾಭ ಹೀಗೆ ಹಂಚಿಹೋಗುವುದರಿಂದಲೇ ಖಾಸಗಿಯವರು ಸಂಶೋಧನೆಗೆ ಸಾಕಷ್ಟು ಹಣ ತೊಡಗಿಸುವುದಿಲ್ಲ, ಸರ್ಕಾರ ಮುಂದಾಗಬೇಕಾಗುತ್ತದೆ. ಆದರೆ 2020-21ರಲ್ಲಿ ಭಾರತವು ಸಂಶೋಧನೆಗೆ ವ್ಯಯಿಸಿದ್ದು ಒಟ್ಟು ಆಂತರಿಕ ಉತ್ಪನ್ನದ ಶೇ. 0.64 ಮಾತ್ರ. ದಕ್ಷಿಣ ಕೊರಿಯ ಶೇ. 5ರ ಸಮೀಪದಲ್ಲಿದೆ, ಅಲ್ಲಿ ಅದರ ಬಹುಪಾಲನ್ನು ಉದ್ದಿಮೆಗಳೇ ಭರಿಸುತ್ತವೆ. ನಮ್ಮ ಉದ್ದಿಮೆದಾರರಲ್ಲಿ ಈ ಬಗೆಯ ಆಸ್ಥೆ ಕಡಿಮೆಯೆಂದೇ ನಮ್ಮ ಭಾವನೆ.

ಮನೆಗಳಲ್ಲಿಯೂ ಅದೇ ಕಥೆ. ಮಗನಾಗಲಿ ಮಗಳಾಗಲಿ ನೌಕರಿ ಬಿಟ್ಟು ಸಂಶೋಧನೆಗೆ ಹೋಗುತ್ತೇನೆಂದರೆ ಹಿರಿಯರ ಮುಖ ಸಪ್ಪಗಾಗುತ್ತದೆ; ವಧೂ-ವರಾನ್ವೇಷಣೆಯಲ್ಲಂತೂ “ಇನ್ನೂ ಓದುತ್ತಲೇ ಇದ್ದಾರೆಯೇ?” ಎಂಬ ಪ್ರಶ್ನೆ ತಪ್ಪದು. ಕೇಂದ್ರ ಸರ್ಕಾರದ ಕಿರಿಯ ಸಂಶೋಧಕರ ವೃತ್ತಿವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿದೆ, ಮನೆ ಬಾಡಿಗೆಯ ಭತ್ಯೆ ಬೇರೆ ಎಂಬುದನ್ನು ಹಾಗೆ ಕೇಳಿದವರಿಗೆ ತಿಳಿಸಬಹುದು.