ದಾರ ಕಡಿದ ಮೇಲೆ ತೀರ್ಮಾನ ಯಾರದು?

ಭದ್ರಾವತಿಯಿಂದ ಪಶ್ಚಿಮಕ್ಕೆ ಹೊರಟರೆ ಶಿವಮೊಗ್ಗ, ಹೊಸನಗರ ದಾಟಿ ನಗರ ಸಿಗುತ್ತದೆ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು ಅದು. 1763ರಲ್ಲಿ ಹೈದರ್ ಅಲಿಯ ಕೈಸೇರಿತು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಅಲ್ಲಿನ ಹಾಳು ಬಾವಿಯೊಂದರ ಕೆಸರು ತೆಗೆಸಿದಾಗ ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಮೇಲೆ ಬಂದವು. ಟಿಪ್ಪುವಿನ ಕಾಲದವು, ಒಂದು ಗೇಣು ಉದ್ದದ ಕಬ್ಬಿಣದ ಕೊಳವೆಗಳು.

ಪೂರ್ವಕ್ಕೆ ಹೊರಟರೆ ಚಿತ್ರದುರ್ಗದ ಆಚೆ ಚಳ್ಳಕೆರೆ ತಾಲ್ಲೂಕಿನ ವರವು ಕಾವಲು. ಅಮೃತಮಹಲ್ ದನಗಳ ಹುಲ್ಲುಗಾವಲಾಗಿದ್ದ ಆ ಸೀಮೆಯಲ್ಲಿ ಈಗ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ. 2022ರ ಜುಲೈ 1ರಂದು ಅಲ್ಲಿ ಪೈಲಟ್ ಇಲ್ಲದ ಪುಟ್ಟ ಜೆಟ್ ವಿಮಾನವೊಂದು ತಾನೇ ಮೇಲೇರಿತು, ತಾನೇ ದಾರಿ ಹಿಡಿದು ಹಾರಿತು, ತಾನೇ ನೆಲಕ್ಕಿಳಿಯಿತು. ಬೆಂಗಳೂರಿನ ಎಡಿಇ ಪ್ರಯೋಗಾಲಯ ರೂಪಿಸಿದ ವಿಮಾನ ಅದು.

ಹೀಗೆ ತಾನೇ ನಡೆಯುವ ಬುದ್ಧಿವಂತ ಯಂತ್ರಗಳ ಜೊತೆ ಸೈನಿಕರು ಕಾದಾಡುವ ಕಥೆಗಳು ನಮಗೆ ಹೊಸವಲ್ಲ. 1920ರಲ್ಲಿ ಕಾರೆಲ್ ಚಾಪೆಕ್ ಬರೆದ ನಾಟಕದಲ್ಲೇ ರೋಬೋಗಳು ಮನುಷ್ಯರ ಮೇಲೆ ದಂಗೆ ಎದ್ದಿದ್ದವು. 1984ರ 'ಟರ್ಮಿನೇಟರ್' ಸಿನಿಮಾ ಆ ಭಯವನ್ನು ಮನೆಮನೆಗೆ ಮುಟ್ಟಿಸಿತು. ಇಂಥ ಕಥೆಗಳಲ್ಲಿ ಯಂತ್ರಕ್ಕೆ ಒಂದು ದಿನ ಅರಿವು ಮೂಡುತ್ತದೆ, ಅದು ನಮ್ಮ ಮೇಲೆ ಮುನಿಯುತ್ತದೆ. ವಾಸ್ತವದಲ್ಲಿ ಯಾವ ಯಂತ್ರವೂ ಮುನಿದಿಲ್ಲ. ಆದರೂ ಕೊಲ್ಲುವ ತೀರ್ಮಾನ ಮೆಲ್ಲಮೆಲ್ಲಗೆ ಅದರ ಕಡೆಗೆ ಜರುಗುತ್ತಿದೆ. ಅದಕ್ಕೆ ಕಾರಣ ಭೌತಶಾಸ್ತ್ರದಲ್ಲಿದೆ.

ನಗರದ ರಾಕೆಟ್‌ನಿಂದಲೇ ಶುರು ಮಾಡೋಣ. ಮದ್ದು ಉರಿದಾಗ ಕೊಳವೆಯೊಳಗೆ ಅನಿಲದ ಒತ್ತಡ ಏರುತ್ತದೆ. ಕಾಗದದ ಅಥವಾ ಬಿದಿರಿನ ಕೊಳವೆ ಆ ಒತ್ತಡಕ್ಕೆ ಬೇಗ ಸಿಡಿದುಹೋಗುತ್ತದೆ. ಕಬ್ಬಿಣದ್ದು ತಡೆದುಕೊಳ್ಳುತ್ತದೆ, ಅನಿಲ ಇನ್ನಷ್ಟು ರಭಸದಿಂದ ಹಿಂದಕ್ಕೆ ನುಗ್ಗುತ್ತದೆ. ಮೈಸೂರು ರಾಕೆಟ್‌ಗಳು ಆ ಕಾಲದ ಯೂರೋಪಿನ ರಾಕೆಟ್‌ಗಳಿಗಿಂತ ದೂರ ಹೋದದ್ದರ ಗುಟ್ಟು ಇದು.

ಆ ರಾಕೆಟ್‌ಗೆ ಕಣ್ಣಿರಲಿಲ್ಲ. ಕಟ್ಟಿದ ಬಿದಿರಿನ ಗಳು ಅದನ್ನು ಹೆಚ್ಚು ತಿರುಚಾಡದಂತೆ ಹಿಡಿದಿಡುತ್ತಿತ್ತು, ಅಷ್ಟೆ. ಎತ್ತ ಗುರಿಯಿಡಬೇಕು, ಯಾವಾಗ ಕಿಡಿ ಮುಟ್ಟಿಸಬೇಕು ಎಂಬುದೆಲ್ಲ ಸಿಪಾಯಿಯ ತೀರ್ಮಾನ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಬ್ರಿಟಿಷರ ಪಡೆ ನುಚ್ಚುನೂರಾದಾಗ, ರಾಕೆಟ್ ಹಾರಿಸಿದವರು ಯಾರು, ಹಾರಿಸಿ ಎಂದವರು ಯಾರು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಇಂದಿನ ಡ್ರೋನ್‌ಗೆ ಕಣ್ಣಿದೆ, ನಡುದಾರಿಯಲ್ಲಿ ಗುರಿ ಬದಲಿಸಲೂ ಬರುತ್ತದೆ. ನಡೆಸುವವನ ಕೈಯಲ್ಲಿ ಗಾಳಿಪಟದ ದಾರದಂತೆ ರೇಡಿಯೊ ಸಂಪರ್ಕವಿರುತ್ತದೆ. ಶತ್ರು ಮೊದಲು ಕೈಹಾಕುವುದು ಆ ದಾರಕ್ಕೆ. ರೇಡಿಯೊ ಅಲೆಯ ಬಲ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ನಡೆಸುವವನು ಹತ್ತು ಕಿಲೋಮೀಟರ್ ದೂರದಲ್ಲಿದ್ದು, ಸಂಪರ್ಕ ಕೆಡಿಸುವ ಅಷ್ಟೇ ಶಕ್ತಿಯ ಜ್ಯಾಮರ್ ಒಂದು ಕಿಲೋಮೀಟರ್ ದೂರದಲ್ಲಿದ್ದರೆ, ಡ್ರೋನ್‌ನ ಕಿವಿಗೆ ಜ್ಯಾಮರ್‌ನ ಗದ್ದಲ ನೂರು ಪಟ್ಟು ಜೋರಾಗಿ ಕೇಳುತ್ತದೆ. ಯಜಮಾನನ ಮಾತು ಅದರಲ್ಲಿ ಮುಳುಗಿಹೋಗುತ್ತದೆ.

ಉಕ್ರೇನ್ ಯುದ್ಧದಲ್ಲಿ ಇದಕ್ಕೆ ಎರಡು ಉತ್ತರ ಹುಟ್ಟಿವೆ. ಒಂದು, ಹತ್ತಿಪ್ಪತ್ತು ಕಿಲೋಮೀಟರ್ ಉದ್ದದ ಕೂದಲೆಳೆಯಂಥ ಆಪ್ಟಿಕಲ್ ಫೈಬರ್ ಬಿಚ್ಚಿಕೊಳ್ಳುತ್ತ ಹಾರುವ ಡ್ರೋನ್. ಬೆಳಕಿನಲ್ಲಿ ಸಾಗುವ ಆ ಮಾತನ್ನು ಯಾವ ಜ್ಯಾಮರೂ ಕೆಡಿಸಲಾರದು. ಇನ್ನೊಂದು, ಮಾತು ಕಡಿದ ಮೇಲೂ ತಾನೇ ಗುರಿ ಗುರುತಿಸಿ ಎರಗುವ ಡ್ರೋನ್. ಯಂತ್ರ ಬಲು ಜಾಣವಾಯಿತು, ಆದ್ದರಿಂದ ಅಧಿಕಾರ ಕೊಟ್ಟೆವು ಎಂದು ಯಾರೂ ಹೇಳುತ್ತಿಲ್ಲ. ಮನುಷ್ಯನ ಮಾತು ತಲುಪದ ಕಡೆ ಅದನ್ನು ಕಳಿಸುತ್ತಿದ್ದೇವೆ, ಆದ್ದರಿಂದ ಕೊಡುತ್ತಿದ್ದೇವೆ.

ಆ ಯಂತ್ರ ಗುರುತಿಸುವುದಾದರೂ ಹೇಗೆ? ಸಾವಿರಾರು ಚಿತ್ರ ತೋರಿಸಿ, ಇದು ಟ್ಯಾಂಕ್, ಇದು ಲಾರಿ, ಇವನು ಆಯುಧ ಹೊತ್ತವನು ಎಂದು ಅದನ್ನು ಪಳಗಿಸಿರುತ್ತಾರೆ. ಹೊಸ ಚಿತ್ರ ಕಂಡಾಗ ಅದು ಕಲಿತ ಪಟ್ಟಿಯ ಪ್ರತಿ ಹೆಸರಿಗೂ ಒಂದೊಂದು ಅಂಕ ಕೊಡುತ್ತದೆ. ಸಾಮಾನ್ಯ ವಿನ್ಯಾಸದಲ್ಲಿ ಆ ಅಂಕಗಳ ಮೊತ್ತ ನೂರಕ್ಕೆ ನೂರು ಆಗಲೇಬೇಕು. ಪಟ್ಟಿಯಲ್ಲೇ ಇಲ್ಲದ ವಸ್ತು ಎದುರಾದರೂ ಪಟ್ಟಿಯ ಹೆಸರುಗಳಿಗೇ ಅಂಕ ಹಂಚಬೇಕು. ಭದ್ರಾವತಿ ಆಸುಪಾಸಿನ ತೋಟವೊಂದರಲ್ಲಿ ಅಡಿಕೆ ಕೊನೆ ತೆಗೆಯುವವನು ಹೆಗಲ ಮೇಲೆ ದೋಟಿ ಹೊತ್ತು ಬದುವಿನ ಮೇಲೆ ನಡೆಯುತ್ತಿದ್ದಾನೆ ಎಂದುಕೊಳ್ಳಿ. ನಮ್ಮೂರಿನ ಮಗುವಿಗೂ ಅದು ದೋಟಿ ಎಂದು ಗೊತ್ತು. ದೋಟಿಯನ್ನು ಎಂದೂ ಕಾಣದ ಯಂತ್ರಕ್ಕೆ ಹೆಗಲ ಮೇಲಿನ ಉದ್ದನೆಯ ಕೊಳವೆ ರಾಕೆಟ್ ಲಾಂಚರ್‌ಗೇ ಹೆಚ್ಚು ಹತ್ತಿರ. ಆ ತಪ್ಪಿನಲ್ಲಿ ದ್ವೇಷವಿಲ್ಲ. ನನ್ನನ್ನು ಕಾಡುವುದು ಅದೇ: ದ್ವೇಷವಾದರೆ ತಣಿಯಬಹುದು, ಅನುಮಾನಪಡಲು ಕಲಿಯದ ಲೆಕ್ಕಕ್ಕೆ ತಣಿಯುವುದೇನಿದೆ?

ಗುಂಡಿ ಒತ್ತುವುದು ಮನುಷ್ಯನೇ ಅಲ್ಲವೆ ಎಂದು ಸಮಾಧಾನಪಡುವಂತಿಲ್ಲ. 2003ರ ಮಾರ್ಚ್ 23ರಂದು, ಇರಾಕ್ ಯುದ್ಧದ ಹೊತ್ತಿನಲ್ಲಿ, ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ನೆಲೆಗೆ ಮರಳುತ್ತಿದ್ದ ಬ್ರಿಟನ್ನಿನ ಟೊರ್ನಾಡೊ ವಿಮಾನವನ್ನು ಶತ್ರುವಿನ ಕ್ಷಿಪಣಿ ಎಂದು ವರ್ಗೀಕರಿಸಿತು. ಎದುರಿದ್ದ ಸಿಬ್ಬಂದಿ ಪರದೆಯನ್ನು ನಂಬಿ ಹೊಡೆದರು. ವಿಮಾನದಲ್ಲಿದ್ದ ಇಬ್ಬರೂ ಸತ್ತರು. ಹತ್ತು ದಿನಗಳ ನಂತರ ಅದೇ ಮಾದರಿಯ ವ್ಯವಸ್ಥೆ ಅಮೆರಿಕದ್ದೇ ಯುದ್ಧವಿಮಾನವನ್ನು ಉರುಳಿಸಿತು. ಬೆರಳು ಮನುಷ್ಯನದು, ತೀರ್ಮಾನ ಆಗಲೇ ಯಂತ್ರದ್ದಾಗಿತ್ತು. ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. 1983ರ ಸೆಪ್ಟೆಂಬರ್ 26ರಂದು ಐದು ಅಮೆರಿಕನ್ ಕ್ಷಿಪಣಿಗಳು ಬರುತ್ತಿವೆ ಎಂದು ಸೋವಿಯತ್ ಎಚ್ಚರಿಕೆ ವ್ಯವಸ್ಥೆ ಕೂಗಿಕೊಂಡಿತು. ಕಾವಲಿನಲ್ಲಿದ್ದ ಅಧಿಕಾರಿ ಸ್ತಾನಿಸ್ಲಾವ್ ಪೆತ್ರೋವ್ ಅದನ್ನು ನಂಬಲಿಲ್ಲ. ದಾಳಿ ಮಾಡುವವರು ಐದೇ ಕ್ಷಿಪಣಿ ಬಿಡುವರೆ ಎಂದು ಯೋಚಿಸಿ ಸುಳ್ಳು ಎಚ್ಚರಿಕೆ ಎಂದು ವರದಿ ಮಾಡಿದ. ಮೋಡದ ಮೇಲೆ ಹೊಳೆದ ಬಿಸಿಲನ್ನು ಉಪಗ್ರಹ ಕ್ಷಿಪಣಿಯ ಉರಿ ಎಂದು ಭ್ರಮಿಸಿತ್ತು. ಯೋಚಿಸಲು ಪೆತ್ರೋವ್‌ಗೆ ಕೆಲವು ನಿಮಿಷಗಳಾದರೂ ಇದ್ದವು.

ನಮ್ಮ ಯೋಧರು ಯಂತ್ರಗಳನ್ನು ಎದುರಿಸಿದ್ದೂ ಆಗಿದೆ. 2025ರ ಮೇ 8ರ ರಾತ್ರಿ ಪಾಕಿಸ್ತಾನ 36 ಕಡೆ ಸುಮಾರು 300ರಿಂದ 400 ಡ್ರೋನ್ ಹಾರಿಸಿತು ಎಂದು ನಮ್ಮ ಸೇನೆ ತಿಳಿಸಿತು. ಅವನ್ನು ಉರುಳಿಸಿದ್ದರಲ್ಲಿ ದಶಕಗಳಷ್ಟು ಹಳೆಯ ಎಲ್-70 ಫಿರಂಗಿಗಳ ಪಾಲೂ ಇತ್ತು. ಬೇರೆಬೇರೆ ರೇಡಾರ್‌ಗಳು ಕಂಡದ್ದನ್ನು ಒಂದೇ ಚಿತ್ರವಾಗಿ ಜೋಡಿಸಿ, ಯಾವುದನ್ನು ಯಾವ ಫಿರಂಗಿ ಎದುರಿಸಬೇಕು ಎಂದು ಹೊಂದಿಸಿಕೊಡುವ 'ಆಕಾಶ್‌ತೀರ್' ವ್ಯವಸ್ಥೆ ಬೆಂಗಳೂರಿನ ಬಿಇಎಲ್‌ನದು. ಇಂಥ ನೆರವಿಲ್ಲದೆ ಒಂದೇ ರಾತ್ರಿ ನೂರಾರು ಡ್ರೋನ್‌ಗಳನ್ನು ಎದುರಿಸುವುದು ಬಲು ಕಷ್ಟ, ಅದನ್ನು ಒಪ್ಪಲೇಬೇಕು. ಆಳಿಲ್ಲದ ಡ್ರೋನ್‌ಗೆ ಗುಂಡಿಡುವ ತೀರ್ಮಾನವನ್ನು ಯಂತ್ರಕ್ಕೆ ಬಿಡಲು ನನಗೆ ತಕರಾರಿಲ್ಲ. ಮನುಷ್ಯರಿರುವ ಗುರಿಯ ಮಾತು ಬೇರೆ.

ಈ ಗೆರೆ ಎಲ್ಲಿ ಎಳೆಯಬೇಕೆಂಬ ಚರ್ಚೆ ಜಿನೀವಾದಲ್ಲಿ ನಡೆಯುತ್ತಿದೆ. 2017ರಲ್ಲಿ ಅಲ್ಲಿನ ತಜ್ಞರ ಗುಂಪಿನ ಮೊದಲ ಸಭೆಯ ಅಧ್ಯಕ್ಷತೆ ವಹಿಸಿದವರು ಭಾರತದ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್. ಹೊಣೆಯನ್ನು ಯಂತ್ರಕ್ಕೆ ವರ್ಗಾಯಿಸುವಂತಿಲ್ಲ ಎಂಬ ತತ್ವಕ್ಕೆ 2019ರಲ್ಲಿ ಒಪ್ಪಿಗೆಯಾಯಿತು. ಆದರೆ 2023ರ ಡಿಸೆಂಬರ್‌ನಲ್ಲಿ ಸ್ವಯಂಚಾಲಿತ ಆಯುಧಗಳ ಕುರಿತ ನಿರ್ಣಯ ವಿಶ್ವಸಂಸ್ಥೆಯ ಮಹಾಸಭೆಗೆ ಬಂದಾಗ 152 ದೇಶಗಳು ಪರವಾಗಿ, ನಾಲ್ಕು ವಿರುದ್ಧವಾಗಿ ಮತ ಹಾಕಿದವು. ಆ ನಾಲ್ಕರಲ್ಲಿ ಭಾರತವೂ ಒಂದು. ಜಿನೀವಾದ ವೇದಿಕೆಯೇ ಸಾಕು ಎಂಬುದು ನಮ್ಮ ನಿಲುವು. ಮರುವರ್ಷ ನಾವು ಮತ ಹಾಕದೆ ದೂರ ಉಳಿದೆವು. ತಾನೇ ಹಾರುವ ವಿಮಾನ, ಇಂಥ ರೇಡಾರ್ ಜಾಲ ಸ್ವಂತವಾಗಿ ಕಟ್ಟಬಲ್ಲ ದೇಶ ನಿಯಮ ಬರೆಯುವಲ್ಲಿ ಮುಂದಾಗಬೇಕಿತ್ತು. ಸಂಪರ್ಕ ಕಡಿದರೆ ಯಂತ್ರ ಗುರಿ ಬಿಟ್ಟು ಹಿಂದಿರುಗಬೇಕು ಎಂಬ ಒಂದು ಸಾಲು ಆ ನಿಯಮದಲ್ಲಿ ಮೊದಲು ಬರಲಿ. ಕಾವಲಿನಲ್ಲಿರುವವರಿಗೆ ಯೋಚಿಸಲು ಕನಿಷ್ಠ ಎಷ್ಟು ಹೊತ್ತು ಬೇಕು ಎಂಬುದು ಅದರ ಕೆಳಗಿನ ಸಾಲಾಗಲಿ.