ಬಿಯರ್ ಉದ್ಯಮದಿಂದ ಹಸುವಿನ ಗೋದಲಿಗೆ

ಬೆಂಗಳೂರಿನ ಪೂರ್ವಕ್ಕಿರುವ ಕಾಡುಗೋಡಿಯ ಸುತ್ತ ಹಿಂದೆ ರಾಗಿ, ಅವರೆ ಬೆಳೆಯುತ್ತಿದ್ದ ಹೊಲಗಳಲ್ಲಿ ಇಂದು ಕಚೇರಿಗಳೂ ವಸತಿ ಕಟ್ಟಡಗಳೂ ಎದ್ದಿವೆ. 2023ರ ಮಾರ್ಚಿನಲ್ಲಿ ಮೆಟ್ರೋ ರೈಲೂ ಬಂದಿತು. ಹೊಲ ಹೋದರೂ ಹಸು ಸಾಕುವುದನ್ನು ಎಲ್ಲರೂ ಬಿಟ್ಟಿಲ್ಲ. ಹಸಿರು ಮೇವಿಗೆ ಜಾಗವಿಲ್ಲದ ಇಂತಹ ಹೈನುಗಾರರಿಗೆ ಬಿಯರ್ ತಯಾರಿಕೆಯಲ್ಲಿ ಉಳಿಯುವ ಬಾರ್ಲಿ ಚರಟ, ಅಂದರೆ ಜನರು ‘ಬಿಯರ್ ವೇಸ್ಟ್’ ಎಂದು ಕರೆಯುವ ವಸ್ತು, ಉಪಯುಕ್ತವಾದ ಪಶು ಆಹಾರ. ಆದರೆ ತಿಳಿಯದೆ ಬಳಸಿದರೆ ಹಸುವಿಗೂ ಹಾಲಿಗೂ ಅಪಾಯ.

ಬೆಂಗಳೂರಿಗೂ ಬಿಯರ್ ಉದ್ಯಮಕ್ಕೂ ಹಳೆಯ ನಂಟಿದೆ. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು ಸ್ಥಾಪಿಸಿದರು. 2021ರಲ್ಲಿ ಅದರ ಹತೋಟಿ ನೆದರ್‌ಲೆಂಡ್ಸ್‌ನ ಹೈನೆಕೆನ್ ಕಂಪನಿಗೆ ಸೇರಿತು. ಬಾರ್ಲಿ ಬೆಳೆಗಾರ, ಗಾಜಿನ ಬಾಟಲಿ ಕಾರ್ಖಾನೆ, ಲಾರಿ ಸಾಗಣೆ, ಇವೆಲ್ಲಕ್ಕೂ ಈ ಉದ್ಯಮದಿಂದ ಕೆಲಸವುಂಟು. ಮದ್ಯವು ಜಿ.ಎಸ್.ಟಿ. ವ್ಯಾಪ್ತಿಗೆ ಸೇರದ ಕಾರಣ ಅದರ ಅಬಕಾರಿ ಸುಂಕ ರಾಜ್ಯದ ಬೊಕ್ಕಸಕ್ಕೇ ಬರುತ್ತದೆ. ಬಿಯರ್ ಸೇರಿ ಎಲ್ಲ ಬಗೆಯ ಮದ್ಯದಿಂದ ಕರ್ನಾಟಕಕ್ಕೆ 2023–24ರಲ್ಲಿ ಬಂದ ಅಬಕಾರಿ ವರಮಾನ 34,000 ಕೋಟಿ ರೂಪಾಯಿಗೂ ಮಿಗಿಲು. ಕುಡಿತದಿಂದ ಸಂಸಾರಗಳಿಗಾಗುವ ನಷ್ಟವನ್ನು ಈ ಲೆಕ್ಕದಲ್ಲಿ ಕಳೆದಿಲ್ಲ ಎಂಬುದನ್ನೂ ಮರೆಯಬಾರದು.

ಬಾರ್ಲಿ ಹೆಚ್ಚಾಗಿ ರಾಜಸ್ಥಾನ, ಉತ್ತರ ಪ್ರದೇಶಗಳ ಹಿಂಗಾರು ಬೆಳೆ. ಆದ್ದರಿಂದ ಕಾಳು ಮಾರಿ ಬರುವ ಹಣ ಅಲ್ಲಿನ ರೈತರದು. ನಮ್ಮ ರೈತರಿಗೆ ದಕ್ಕುವುದು ಚರಟ ಮಾತ್ರ.

ಮಗುವಿನ ಸರಿಗಾಗಿ ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸುವಂತೆಯೇ ಬಾರ್ಲಿಯನ್ನೂ ಮೊಳಕೆ ಬರಿಸಿ ಒಣಗಿಸುತ್ತಾರೆ. ಇದೇ ಮಾಲ್ಟ್. ಇದನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ಇಟ್ಟಾಗ ಪಿಷ್ಟವು ಸಕ್ಕರೆಯಾಗಿ ನೀರಿಗೆ ಇಳಿಯುತ್ತದೆ. ಆ ಸಿಹಿನೀರನ್ನು ಸೋಸಿಕೊಂಡ ಮೇಲೆ ಉಳಿಯುವುದೇ ಚರಟ. ಯೀಸ್ಟ್ ಬೆರೆಸಿ ಹುಳಿಯಿಸುವುದು ಆಮೇಲಿನ ಕೆಲಸ. ಹೀಗಾಗಿ ತಾಜಾ ಚರಟದಲ್ಲಿ ಮದ್ಯಸಾರವಿರುವುದಿಲ್ಲ. ತಿಂದ ಹಸುವಿಗೆ ಅಮಲೇರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ನೂರು ಲೀಟರ್ ಬಿಯರಿಗೆ ಸುಮಾರು 20 ಕಿಲೋ ಹಸಿ ಚರಟ ದೊರೆಯುತ್ತದೆ. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ. ಕಿಲೋಗೆ 4 ರೂಪಾಯಿ ಕೊಟ್ಟರೆ ಒಣ ಅಂಶಕ್ಕೆ ಕಿಲೋಗೆ 16ರಿಂದ 20 ರೂಪಾಯಿ ಕೊಟ್ಟಂತಾಯಿತು. ಕೊಳ್ಳುವ ಮೊದಲು ಈ ಲೆಕ್ಕ ಹಾಕಬೇಕು. ಒಣ ಅಂಶದಲ್ಲಿ ಶೇಕಡ 20ರಿಂದ 28ರಷ್ಟು ಸಸಾರಜನಕವಿದೆ. ಹತ್ತು ಕಿಲೋ ಹಸಿ ಚರಟದಿಂದ ಸುಮಾರು ಅರ್ಧ ಕಿಲೋ ಸಸಾರಜನಕ ಸಿಗುತ್ತದೆ. ಇದು ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಕಡಲೆಕಾಯಿ ಹಿಂಡಿಗೆ ಸಮ.

ಹಾಲು ಕೊಡುವ ಮಿಶ್ರತಳಿ ಹಸುವಿಗೆ ದಿನಕ್ಕೆ 10 ಕಿಲೋ ಮೀರದಿರುವುದು ಕ್ಷೇಮ. ಎರಡು ಕಿಲೋದಿಂದ ಆರಂಭಿಸಿ ವಾರ, ಹತ್ತು ದಿನಗಳಲ್ಲಿ ಹೆಚ್ಚಿಸಬೇಕು. ಒಣ ಮೇವನ್ನು ನಿಲ್ಲಿಸಿ ಚರಟವನ್ನೇ ಸುರಿಯುವ ರೂಢಿ ತಪ್ಪು. ಇದರಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ರಾಗಿ ಹುಲ್ಲಿನ ಜೊತೆಗೆ ಖನಿಜ ಮಿಶ್ರಣವನ್ನೂ ಕೊಡಬೇಕು.

ದೊಡ್ಡ ತೊಂದರೆ ಬೂಷ್ಟು. ಬೇಸಿಗೆಯಲ್ಲಿ ಎರಡು ಮೂರು ದಿನಗಳಲ್ಲೇ ಚರಟ ಕೆಡುತ್ತದೆ. ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ವಿಷ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ಆಸ್ಪರ್ಜಿಲಸ್ ಕ್ಲಾವೇಟಸ್ ಎಂಬ ಇನ್ನೊಂದು ಬೂಷ್ಟು ನರಗಳಿಗೆ ಕೆಡುಕು ಮಾಡುತ್ತದೆ. ಹಸು ನಡುಗಿ, ಹಿಂಗಾಲು ಸೋತು ಬೀಳುತ್ತದೆ. ದಕ್ಷಿಣ ಆಫ್ರಿಕದಲ್ಲಿ ಹೀಗೆ ದನಗಳು ಸತ್ತ ನಿದರ್ಶನಗಳಿವೆ. ಬೂಷ್ಟು ಕಂಡ ಭಾಗವನ್ನಷ್ಟೇ ಕೆರೆದು ತೆಗೆದು ಉಳಿದದ್ದನ್ನು ಹಾಕಬಾರದು. ಗುಡ್ಡೆಯನ್ನೇ ತಿಪ್ಪೆಗೆ ಸೇರಿಸಬೇಕು.

ಲೋಡುಗಟ್ಟಲೆ ತರುವವರು ಬಂದ ದಿನವೇ ಐದು ಪಾಲು ಚರಟಕ್ಕೆ ಒಂದು ಪಾಲು ಕತ್ತರಿಸಿದ ರಾಗಿ ಹುಲ್ಲನ್ನು ಬೆರೆಸಿ, ಡ್ರಮ್ಮಿನಲ್ಲಿ ಗಾಳಿ ಉಳಿಯದಂತೆ ತುಳಿದು, ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಬೇಕು. ಮೂರು ವಾರಗಳ ನಂತರ ಅದು ರಸಮೇವಾಗಿ ಬಳಕೆಗೆ ಸಿದ್ಧ. ಒಮ್ಮೆ ಬಾಯಿ ತೆರೆದ ಡ್ರಮ್ಮನ್ನು ಬೇಗನೆ ಖಾಲಿ ಮಾಡಬೇಕಾದ್ದರಿಂದ, ಒಂದೆರಡು ಹಸು ಇರುವವರು ಸಣ್ಣ ಡ್ರಮ್ಮುಗಳಲ್ಲಿ ತುಂಬಿಡುವುದು ಲೇಸು.